ಮೆಷಿನ್ನಿಗೆ ಸಾಲ ಸಿಗುತ್ತದೆ, ಅದರ ಪೆಟ್ಟಿಗೆಗೆ?

ಕಳೆದ ತಿಂಗಳು ನಮ್ಮ ಪಕ್ಕದ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬಂತು. ಬಡಗಿ ಮನೆಯ ಹುಡುಗ ಶೆಡ್ಡಿನಲ್ಲಿ ಹಾಕಿರುವ ಸಿಎನ್‌ಸಿ ಮೆಷಿನ್ ಮುಚ್ಚಿಸಬೇಕು ಅಂತ. ಅಕ್ಕಪಕ್ಕದ ಹನ್ನೊಂದು ಮನೆಯವರ ಸಹಿ. ಸುದ್ದಿಗೆಂದು ಹೋದ ನಮಗೆ ಬೀದಿ ತಿರುವಿನಲ್ಲೇ ಅದರ ಕಿರ್ರೋ ಸದ್ದು ಕೇಳಿಸಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಕಂಪ್ಯೂಟರಿನಲ್ಲಿ ಬಿಡಿಸಿದ ಡಿಸೈನ್ ನೋಡಿಕೊಂಡು ಮರವನ್ನು ತಾನೇ ಕೊರೆಯುವ ಯಂತ್ರ ಇದು. ಬಾಗಿಲ ಮೇಲಿನ ಗಣಪ, ದೇವರ ಮನೆಯ ಜಾಲಿ ಎಲ್ಲ ಈಗ ಇದರಲ್ಲೇ ಆಗುತ್ತವೆ. ಬಿಟ್ ನಿಮಿಷಕ್ಕೆ 24,000 ಸುತ್ತಿನವರೆಗೂ ತಿರುಗುತ್ತದೆ.

"ಮುಚ್ಚಿದ್ರೆ ಸಾಲದ ಕಂತು ಯಾರ್ ಕಟ್ತಾರೆ ಸರ್?" ಅಂದ ಹುಡುಗ. ಪಕ್ಕದ ಮನೆ ಅಜ್ಜಿ, "ನನ್ ಮೊಮ್ಮಗ ರಾತ್ರಿಯೆಲ್ಲಾ ಕೆಮ್ತಾನೆ, ಅದನ್ನ ಯಾರಿಗಪ್ಪಾ ಹೇಳೋದು?" ಅಂದರು. ಇಬ್ಬರ ಮಾತೂ ಸರಿಯೇ. ನಮ್ಮ ಅಭಿಪ್ರಾಯ ಇಷ್ಟು: ಮೆಷಿನ್ ಮುಚ್ಚಿಸುವುದು ಬೇಡ, ಮೆಷಿನ್ನಿಗೆ ಮುಚ್ಚಳ ಹಾಕಿಸಿ.

ಧೂಳಿನ ವಿಷಯ ತಮಾಷೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಎಂಡಿಎಫ್ ಹಲಗೆಯ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಕೂಡ ಅದೇ ಪಟ್ಟಿಯಲ್ಲಿದೆ. ಬೀದಿಯವರಿಗಿಂತ ಮೊದಲು ಅದನ್ನು ಕುಡಿಯುತ್ತಿರುವವನು ಆ ಹುಡುಗನೇ. ಮುಖಕ್ಕೆ ಒಂದು ಟವೆಲ್ ಕಟ್ಟಿಕೊಂಡಿದ್ದ, ಅಷ್ಟೇ.

ಅವನ ಮೆಷಿನ್ ಎರಡಡಿ-ಮೂರಡಿಯದು. ನಮ್ಮ ಡಿಪ್ಲೊಮಾದಲ್ಲಿ ಇದನ್ನೆಲ್ಲ ಯಾರೂ ಕಲಿಸಲಿಲ್ಲ. ವೆಲ್ಡಿಂಗ್ ಅಂಗಡಿಯವರು ಮತ್ತು ತಾಲೂಕಿನ ಇನ್ನೊಬ್ಬ ಸಿಎನ್‌ಸಿ ಮಾಲೀಕರು ಜೊತೆಗೆ ನಿಂತರು. ಕಬ್ಬಿಣದ ಆಂಗಲ್ ಫ್ರೇಮ್, ಸುತ್ತ ದಪ್ಪ ಪ್ಲೈವುಡ್, ಮುಂದೆ ಮೇಲಕ್ಕೆ ಎತ್ತುವ ಬಾಗಿಲು. ಬಾಗಿಲಿಗೆ ಗಾಜು ಹಾಕಲಿಲ್ಲ, ಪಾಲಿಕಾರ್ಬೊನೇಟ್ ಹಾಕಿದರು. ಬಿಟ್ ಮುರಿದು ಸಿಡಿದರೆ ಗಾಜು ಚೂರಾಗುತ್ತದೆ. ಸಂದಿಗೆಲ್ಲ ರಬ್ಬರ್ ಪಟ್ಟಿ. ತೂಬಿನಲ್ಲಿ ಬೆರಳಗಲ ಬಿರುಕಿದ್ದರೂ ನೀರು ಹೋಗುವ ಹಾಗೆ, ಸಣ್ಣ ಸಂದಿ ಇದ್ದರೂ ಸದ್ದು ಹೊರಗೆ ಬರುತ್ತದೆ.

ಮೊದಲ ಭಾನುವಾರ ಒಂದು ಎಡವಟ್ಟಾಯಿತು. ವಿಡಿಯೋ ನೋಡಿ ಹುಡುಗ ಒಳಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದ. ಸದ್ದು ಒಂಚೂರೂ ಇಳಿಯಲಿಲ್ಲ. ಮೇಲಾಗಿ ಒಣ ರಟ್ಟು, ಮೊಂಡಾದ ಬಿಟ್ ಕಾದು ಕಿಡಿ ಬಿದ್ದರೆ ಪೆಟ್ಟಿಗೆಯೇ ಒಲೆ! ಎಲ್ಲ ಕಿತ್ತು ರಾಕ್‌ವೂಲ್ ಇಟ್ಟು, ಅದರ ಮೇಲೆ ಬಟ್ಟೆ ಬಿಗಿದರು. ಧೂಳು ಎಳೆಯಲು ಬಿಟ್ಟಿನ ಪಕ್ಕದಲ್ಲೇ ವ್ಯಾಕ್ಯೂಮ್ ಪೈಪ್, ನಡುವೆ ಪೇಂಟ್ ಬಕೆಟ್ಟಿನಲ್ಲಿ ಮಾಡಿದ ಸೈಕ್ಲೋನ್. ಬರೀ ಎಕ್ಸಾಸ್ಟ್ ಫ್ಯಾನ್ ಹಾಕಿ ಧೂಳನ್ನು ಅಜ್ಜಿಯ ಅಂಗಳಕ್ಕೆ ತಳ್ಳಿದರೆ ಅದು ಪರಿಹಾರವಲ್ಲ. ಮೋಟರ್ ಕಂಟ್ರೋಲರ್, ಕಂಪ್ಯೂಟರ್ ಪೆಟ್ಟಿಗೆಯ ಹೊರಗೆ. ನಿಲ್ಲಿಸುವ ಕೆಂಪು ಗುಂಡಿಯೂ ಹೊರಗೆ, ಕೈಗೆಟುಕುವಂತೆ. ಬೆಂಕಿ ನಂದಿಸುವ ಸಿಲಿಂಡರ್ ಬಾಗಿಲ ಪಕ್ಕ. ಪೆಟ್ಟಿಗೆ ಇದೆಯೆಂದು ಮೆಷಿನ್ ಓಡುವಾಗ ಟೀ ಕುಡಿಯಲು ಹೋಗಬೇಡಿ.

ಈಗ ಪೂರ್ತಿ ನಿಶ್ಶಬ್ದ ಅಂತಲ್ಲ. ಪಕ್ಕದಲ್ಲಿ ನಿಂತು ಮಾತಾಡಬಹುದು, ಅಷ್ಟಾಗಿದೆ.

ನಮ್ಮ ಸಿಟ್ಟು ಬೇರೆ ಕಡೆ ಇದೆ. ಸಾಲದ ಅರ್ಜಿಗೆ ಇಟ್ಟ ಕೊಟೇಶನ್ ನೋಡಿದೆವು. ಮೆಷಿನ್ ಇದೆ, ಕಂಪ್ಯೂಟರ್ ಇದೆ, ಸ್ಟೆಬಿಲೈಸರ್ ಕೂಡ ಇದೆ. ಪೆಟ್ಟಿಗೆ ಇಲ್ಲ, ಧೂಳು ಎಳೆಯುವ ವ್ಯವಸ್ಥೆ ಇಲ್ಲ. ಮಾರಿದವರು ಹೇಳಲಿಲ್ಲ, ಸಾಲ ಕೊಟ್ಟವರು ಕೇಳಲಿಲ್ಲ. ಪಿಎಂಇಜಿಪಿಯಲ್ಲಿ ಹಳ್ಳಿಯ ಘಟಕಕ್ಕೆ ಸಬ್ಸಿಡಿ ಲೆಕ್ಕ ಹಾಕುವುದು ಯೋಜನೆಯ ಒಟ್ಟು ವೆಚ್ಚದ ಮೇಲೆ, ಶೇ. 25ರಿಂದ 35. ಹಾಗಿದ್ದ ಮೇಲೆ ಪೆಟ್ಟಿಗೆಯನ್ನೂ ಆ ವೆಚ್ಚದಲ್ಲೇ ಬರೆಯಬೇಕಲ್ಲವೇ? ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವವರು ಇನ್ನು ಮುಂದೆ ಅದಕ್ಕೊಂದು ಸಾಲು ಸೇರಿಸಲಿ. ಅರ್ಜಿ ಹಾಕುವ ಹುಡುಗರೂ ಕೇಳಿ ಬರೆಸಿಕೊಳ್ಳಲಿ.

ಅರ್ಜಿ ಇನ್ನೂ ಪಂಚಾಯಿತಿ ಕಡತದಲ್ಲೇ ಇದೆ. ಹನ್ನೊಂದರಲ್ಲಿ ನಾಲ್ಕು ಮನೆಯವರು ಸಹಿ ವಾಪಸ್ ಪಡೆದಿದ್ದಾರೆ. ಅಜ್ಜಿ ಪಡೆದಿಲ್ಲ. ಇನ್ನೊಂದು ತಿಂಗಳು ಮೊಮ್ಮಗನ ಕೆಮ್ಮು ನೋಡಿ ಹೇಳ್ತೀನಿ ಅಂದಿದ್ದಾರೆ.