ಒಂದು ಜಿಲ್ಲೆ, ಮೂವರು ಸಂಸದರು

ತುಮಕೂರು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಒಂದೆಡೆ ಕೂರಿಸಿ, ‘2024ರ ಚುನಾವಣೆಯಲ್ಲಿ ನಿಮ್ಮೂರಿನಿಂದ ಲೋಕಸಭೆಗೆ ಆರಿಸಿ ಹೋದವರು ಯಾರು?’ ಎಂದು ಕೇಳಿದರೆ ಮೂರು ಬೇರೆ ಬೇರೆ ಉತ್ತರಗಳು ಬರಬೇಕು. ಮೂರೂ ಸರಿಯೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹುಡುಗರು ವಿ. ಸೋಮಣ್ಣ ಎನ್ನುತ್ತಾರೆ. ಕುಣಿಗಲ್ಲಿನವರು ಡಾ. ಸಿ.ಎನ್. ಮಂಜುನಾಥ್ ಎನ್ನುತ್ತಾರೆ. ಶಿರಾ ಮತ್ತು ಪಾವಗಡದವರು ಗೋವಿಂದ ಕಾರಜೋಳ ಎನ್ನುತ್ತಾರೆ. ಜಿಲ್ಲಾಧಿಕಾರಿ ಒಬ್ಬರೇ, ಜಿಲ್ಲಾ ಪಂಚಾಯಿತಿ ಒಂದೇ. ಸಂಸದರು ಮಾತ್ರ ಮೂವರು! ಕುಣಿಗಲ್ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ ಸೇರಿದೆ. ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ ಸೇರಿವೆ.

ಹೀಗೇಕೆ? ಉತ್ತರ ರಾಜಕೀಯಕ್ಕಿಂತ ಹೆಚ್ಚಾಗಿ ಗಣಿತದಲ್ಲಿದೆ. ಅದೂ ಭಾಗಾಕಾರ ಬಲ್ಲ ಯಾವ ವಿದ್ಯಾರ್ಥಿಯೂ ಬಿಡಿಸಬಹುದಾದ ಲೆಕ್ಕ.

ಕರ್ನಾಟಕದಲ್ಲಿ ವಿಧಾನಸಭೆಗೆ 224 ಕ್ಷೇತ್ರಗಳು, ಲೋಕಸಭೆಗೆ 28. ಅಂದರೆ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ಒಂದು ಲೋಕಸಭಾ ಕ್ಷೇತ್ರ. 2008ರಲ್ಲಿ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದಾಗ ಆಧಾರವಾಗಿದ್ದುದು 2001ರ ಜನಗಣತಿ. ಆಗ ರಾಜ್ಯದ ಜನಸಂಖ್ಯೆ 5,28,50,562. ಇದನ್ನು 224ರಿಂದ ಭಾಗಿಸಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ. ತುಮಕೂರು ಜಿಲ್ಲೆಯ ಜನಸಂಖ್ಯೆ 25,84,711. ಇದನ್ನು 2.36 ಲಕ್ಷದಿಂದ ಭಾಗಿಸಿದರೆ ಹೆಚ್ಚೂಕಡಿಮೆ 11. ಹೀಗೆ ಜಿಲ್ಲೆಗೆ 11 ಶಾಸಕರು. ಆ ಹನ್ನೊಂದರಲ್ಲಿ ಎಂಟನ್ನು ತೆಗೆದರೆ ತುಮಕೂರು ಲೋಕಸಭಾ ಕ್ಷೇತ್ರವಾಯಿತು. ಉಳಿದ ಮೂರು ಪಕ್ಕದ ಕ್ಷೇತ್ರಗಳಿಗೆ ಹೋದವು. ಕುಣಿಗಲ್, ಶಿರಾ, ಪಾವಗಡಗಳ ಕಥೆ ಇಷ್ಟೇ.

ಅದಕ್ಕೂ ಮುಂಚೆ ಜಿಲ್ಲೆಯಲ್ಲಿ 13 ವಿಧಾನಸಭಾ ಕ್ಷೇತ್ರಗಳಿದ್ದವು. ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗ ಎಂಬ ಮೂರು ಕ್ಷೇತ್ರಗಳು ನಕ್ಷೆಯಿಂದ ಅಳಿಸಿಹೋದವು. ತುಮಕೂರು ಗ್ರಾಮಾಂತರ ಎಂಬ ಒಂದು ಹೊಸದಾಗಿ ಬಂದಿತು. ತೋಟದ ಬದು ಒಂದು ಮೊಳ ಅತ್ತಿತ್ತ ಸರಿದರೆ ಸರ್ವೆಯವರನ್ನು ಕರೆಸಿ ಅಳೆಸುವ ರೈತರು, ಕ್ಷೇತ್ರದ ಬದು ಹಳ್ಳಿಗಟ್ಟಲೆ ಸರಿದಾಗ ಗಮನಿಸಿದ್ದು ಕಡಿಮೆ.

ಈ ಬದು ಸರಿದದ್ದು ಅದೇ ಮೊದಲಲ್ಲ. ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು, ಒಂದು ಕಾಲಕ್ಕೆ ತಿಪಟೂರೇ ಒಂದು ಲೋಕಸಭಾ ಕ್ಷೇತ್ರವಾಗಿತ್ತು. 1952ರ ಮೊದಲ ಲೋಕಸಭೆಗೆ ಅಂದಿನ ಮೈಸೂರು ರಾಜ್ಯದಿಂದ ಹೋದವರು 11 ಮಂದಿ. ತುಮಕೂರಿನಿಂದ ಗೆದ್ದವರು ಕಾಂಗ್ರೆಸ್ಸಿನ ಸಿ.ಆರ್. ಬಸಪ್ಪ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಸ್ಥಾನಗಳು 26ಕ್ಕೆ ಏರಿದವು. 1957ರ ಚುನಾವಣೆಯಲ್ಲಿ ತುಮಕೂರಿನ ಜೊತೆಗೆ ತಿಪಟೂರು ಎಂಬ ಕ್ಷೇತ್ರವೂ ಇತ್ತು. 1957 ಮತ್ತು 1962ರಲ್ಲಿ ಬಸಪ್ಪನವರು ಲೋಕಸಭೆಯಲ್ಲಿ ತಿಪಟೂರಿನ ಸದಸ್ಯರಾಗಿಯೇ ಕುಳಿತರು. 1967ರ ಹೊತ್ತಿಗೆ ತಿಪಟೂರಿನ ಹೆಸರು ಹೋಗಿ ಮಧುಗಿರಿ ಬಂದಿತ್ತು. 1977ರಲ್ಲಿ ರಾಜ್ಯದ ಸ್ಥಾನಗಳು 28 ಆದಾಗ ಮಧುಗಿರಿಯೂ ಇರಲಿಲ್ಲ. ಜಿಲ್ಲೆಯ ಹೆಸರಿನಲ್ಲಿ ಉಳಿದದ್ದು ತುಮಕೂರು ಒಂದೇ.

ಕ್ಷೇತ್ರದ ಹೆಸರು ಯಾವುದಾದರೇನು ಎಂದು ಕೇಳುವವರಿದ್ದಾರೆ. ತೆಂಗಿನ ಸೀಮೆಯ ಮಟ್ಟಿಗೆ ಇದು ಬರೀ ಹೆಸರಿನ ಮಾತಲ್ಲ. ಕೊಬ್ಬರಿಯ ಬೆಂಬಲ ಬೆಲೆಯನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರ. ಉಂಡೆ ಕೊಬ್ಬರಿಗೆ ಕ್ವಿಂಟಲ್ ಒಂದಕ್ಕೆ 2024ರ ಹಂಗಾಮಿನಲ್ಲಿ 12,000 ರೂಪಾಯಿ, 2025ರಲ್ಲಿ 12,100 ರೂಪಾಯಿ ಎಂದು ತೀರ್ಮಾನವಾದದ್ದು ದೆಹಲಿಯಲ್ಲಿ. ನಾಫೆಡ್ ಖರೀದಿಗೂ ಅಲ್ಲಿಂದಲೇ ಅಪ್ಪಣೆ ಬರಬೇಕು. ಹಾಗಾಗಿ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ತರುವವನಿಗೆ ಶಾಸಕರಷ್ಟೇ ಸಂಸದರೂ ಬೇಕು. ಆದರೆ ತೆಂಗಿನ ಸೀಮೆ ಒಂದೇ ಲೋಕಸಭಾ ಕ್ಷೇತ್ರದಲ್ಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ ತುಮಕೂರು ಕ್ಷೇತ್ರದಲ್ಲಿವೆ. ಪಕ್ಕದ ಅರಸೀಕೆರೆ, ಚನ್ನರಾಯಪಟ್ಟಣ ಹಾಸನ ಕ್ಷೇತ್ರದಲ್ಲಿವೆ. ಹೊಸದುರ್ಗ ಚಿತ್ರದುರ್ಗದಲ್ಲಿ, ನಾಗಮಂಗಲ ಮಂಡ್ಯದಲ್ಲಿ. ಬೆಳೆ ಒಂದೇ, ಅದರ ಮಾತನ್ನು ಸಂಸತ್ತಿನಲ್ಲಿ ಎತ್ತಬೇಕಾದವರು ನಾಲ್ವರು. ನಾಲ್ವರೂ ಒಟ್ಟಾಗಿ ನಿಂತರೆ ಇದೇ ಬಲ. ಪ್ರತಿಯೊಬ್ಬರೂ ಇದು ಇನ್ನೊಬ್ಬರ ಹೊಣೆ ಎಂದುಕೊಂಡರೆ ಇದೇ ದೌರ್ಬಲ್ಯ.

ಗಡಿ ಎಳೆಯುವವರು ಯಾರು ಎಂಬುದೂ ತಿಳಿಯಬೇಕಾದ ಸಂಗತಿ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನಗಳಿವೆ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಅವು ರಾಜ್ಯಗಳಿಗೆ ಮರುಹಂಚಿಕೆಯಾಗುತ್ತವೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಕ್ಷೇತ್ರದ ಗಡಿ ಎಳೆಯುವುದು ಆ ರಾಜ್ಯದ ಶಾಸಕಾಂಗವೇ. ಬಹುಮತವಿರುವ ಪಕ್ಷ ತನಗೆ ಬೇಕಾದಂತೆ ಗೀಟು ಎಳೆಯುತ್ತದೆ ಎಂಬ ದೂರು ಹಳೆಯದು. 1812ರಲ್ಲಿ ಮಸಾಚುಸೆಟ್ಸ್ ರಾಜ್ಯದ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ, ಹಲ್ಲಿಯನ್ನು ಹೋಲುವ ಪ್ರಾಣಿಯಂತೆ ಕಂಡಿತು. ಗೆರಿ ಹೆಸರಿಗೆ ಆ ಪ್ರಾಣಿಯ ಹೆಸರನ್ನು ಜೋಡಿಸಿ ‘ಗೆರಿಮ್ಯಾಂಡರ್’ ಎಂಬ ಪದವೇ ಹುಟ್ಟಿತು. ಭಾರತದಲ್ಲಿ ಈ ಕೆಲಸವನ್ನು ಶಾಸಕರ ಕೈಗೆ ಕೊಟ್ಟಿಲ್ಲ. ಕ್ಷೇತ್ರ ಪುನರ್ವಿಂಗಡಣಾ ಆಯೋಗ ಎಂಬ ಪ್ರತ್ಯೇಕ ಸಂಸ್ಥೆಗೆ ಒಪ್ಪಿಸಲಾಗುತ್ತದೆ. 2008ರ ನಕ್ಷೆಯನ್ನು ರೂಪಿಸಿದ ಆಯೋಗದ ಅಧ್ಯಕ್ಷರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್. ಸಂಸದರು, ಶಾಸಕರು ಅದರಲ್ಲಿ ಸಹಸದಸ್ಯರಾಗಿ ಸಲಹೆ ಕೊಡಬಹುದಿತ್ತು, ಮತ ಹಾಕುವಂತಿರಲಿಲ್ಲ.

ಇನ್ನು ಮುಂದಿನ ಮಾತು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿ ತಂದು, ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬುದನ್ನು 1971ರ ಜನಗಣತಿಗೆ ಕಟ್ಟಿಹಾಕಲಾಯಿತು. 2002ರಲ್ಲಿ ಜಾರಿಗೆ ಬಂದ 84ನೇ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಚಿಕ್ಕ ಸಂಸಾರ ಮಾಡಿದ್ದಕ್ಕೆ ಶಿಕ್ಷೆ ಬೇಡ ಎನ್ನುವುದು ದಕ್ಷಿಣದ ರಾಜ್ಯಗಳ ವಾದ. ಎಲ್ಲ ಪ್ರಜೆಗಳ ಮತಕ್ಕೂ ಒಂದೇ ತೂಕವಿರಬೇಕು ಎನ್ನುವುದು ಇನ್ನೊಂದು ವಾದ. ಎರಡರಲ್ಲೂ ನ್ಯಾಯವಿದೆ.

ಇದೇ ತಕರಾರು ರಾಜ್ಯದ ಒಳಗೂ ಇದೆ ಎಂಬುದನ್ನು ಮಾತ್ರ ಹೆಚ್ಚು ಮಂದಿ ಗಮನಿಸಿಲ್ಲ. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕೂ ಹೆಚ್ಚು ಬೆಳೆಯಿತು. ತುಮಕೂರು ಜಿಲ್ಲೆ ಶೇಕಡಾ 4ರಷ್ಟೂ ಬೆಳೆಯಲಿಲ್ಲ. 224 ಸ್ಥಾನಗಳನ್ನು ಹಾಗೆಯೇ ಇಟ್ಟು 2011ರ ಅಂಕಿಗಳಿಂದ ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿದರೆ ಜಿಲ್ಲೆಯ ಪಾಲು 11ರಿಂದ 10ಕ್ಕೆ ಇಳಿಯುತ್ತದೆ. ಬೆಂಗಳೂರು ನಗರ ಜಿಲ್ಲೆಯದು 28ರಿಂದ 35ಕ್ಕೆ ಏರುತ್ತದೆ. ಇದು ಕಾಗದದ ಮೇಲಿನ ಲೆಕ್ಕ, ನಿಜ. ಆದರೆ ದಿಕ್ಕು ಸ್ಪಷ್ಟವಾಗಿದೆ. ಓದು ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮನೆ ಮಾಡಿದ ತುರುವೇಕೆರೆಯ ಹುಡುಗ ಜನಗಣತಿಯಲ್ಲಿ ಬೆಂಗಳೂರಿನವನು. ಅವನ ಹೆಸರು ಊರಿನ ಲೆಕ್ಕದಿಂದ ಹೋದಾಗ ಊರಿನ ಪ್ರಾತಿನಿಧ್ಯದ ಒಂದು ಚೂರೂ ಅವನ ಜೊತೆ ಬಸ್ಸು ಹತ್ತುತ್ತದೆ. ತೋಟ, ತಂದೆತಾಯಿ, ಕೊಬ್ಬರಿಯ ಬೆಲೆಯ ಚಿಂತೆ ಮಾತ್ರ ಊರಲ್ಲೇ ಉಳಿಯುತ್ತವೆ. ದೆಹಲಿಯ ಮುಂದೆ ಕರ್ನಾಟಕ ಆಡುವ ಮಾತನ್ನೇ ಬೆಂಗಳೂರಿನ ಮುಂದೆ ತಿಪಟೂರು ಆಡಬಹುದು.

ಹಾಗಾದರೆ ಮಾಡಬಹುದಾದದ್ದೇನು? 2008ರ ನಕ್ಷೆ ಅಂತಿಮವಾಗುವ ಮುನ್ನ ಆಯೋಗ ಕರಡನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಕೇಳಿ, ಬಹಿರಂಗ ಸಭೆಗಳನ್ನು ನಡೆಸಬೇಕೆಂದು ಕಾನೂನೇ ಹೇಳಿತ್ತು. ಭೂಮಿಯ ಸ್ವರೂಪ, ತಾಲ್ಲೂಕು ಜಿಲ್ಲೆಗಳ ಗಡಿ, ಸಂಪರ್ಕ ಸೌಲಭ್ಯ, ಜನರ ಅನುಕೂಲ ಇವನ್ನೂ ನೋಡಬೇಕೆಂದಿತ್ತು. ಇಂಥ ಸಭೆಯಲ್ಲಿ ಜನ ಕೊಡುವ ಒಂದು ಅರ್ಜಿಗೆ ಬೆಲೆಯಿದೆ. ಆದೇಶ ಹೊರಬಿದ್ದ ಮೇಲೆ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಲು ಅವಕಾಶ ತೀರ ಕಡಿಮೆ.

ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಕೆಲಸವೊಂದಿದೆ. 17 ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಹಾಕಲು 2022ರಲ್ಲಿ ಚುನಾವಣಾ ಆಯೋಗ ಅವಕಾಶ ಮಾಡಿಕೊಟ್ಟಿತು. ನಮೂನೆ 6 ತುಂಬುವಾಗ ವಿಧಾನಸಭಾ ಕ್ಷೇತ್ರದ ಹೆಸರನ್ನು ಬರೆಯಬೇಕಾಗುತ್ತದೆ. ಅದನ್ನು ತಂದೆತಾಯಿಯರ ಜೊತೆ ಕುಳಿತು, ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಂಡು ತುಂಬುವುದು ಒಳ್ಳೆಯದು. ತಮ್ಮ ಹಳ್ಳಿ ಯಾವ ಗೀಟಿನ ಒಳಗಿದೆ, ಪಕ್ಕದ ಹಳ್ಳಿ ಯಾವುದರಲ್ಲಿದೆ ಎಂದು ತಿಳಿದವರಿಗೆ, ಆ ಗೀಟು ಮುಂದೆ ಸರಿಯುವಾಗ ಯಾರ ಮುಂದೆ ಏನು ಕೇಳಬೇಕೆಂಬುದೂ ತಿಳಿದಿರುತ್ತದೆ.