ಆ ಟ್ಯೂಬಿನ ಬೆಲೆಯೂ ಮನೆಖರ್ಚೇ

ಸಂಘದ ಸಭೆಯಲ್ಲಿ ಸಾಲ, ಬಡ್ಡಿ, ಉಳಿತಾಯದ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ಹೊರಬರುವ ಮಾತೊಂದಿದೆ. "ಮುಟ್ಟು ನಿಂತಮ್ಯಾಗ ಒಳಗ ಉರಿತೈತವ್ವಾ. ಗಂಡ ಹತ್ರ ಬಂದ್ರ ಜೀವ ಹೋದಂಗ ಆಗತೈತಿ. ಬ್ಯಾಡ ಅಂದ್ರ ಹೊಡಿತಾನ."

ಅಕ್ಕಂದಿರೇ, ಇದು ಯಾರ ಪಾಪವೂ ಅಲ್ಲ. ಮುಟ್ಟು ನಿಂತಾಗ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಯೋನಿಯ ಒಳಪದರ ತೆಳುವಾಗುತ್ತದೆ, ಒಣಗುತ್ತದೆ. ಉರಿ, ತುರಿಕೆ, ಮತ್ತೆ ಮತ್ತೆ ಉರಿಮೂತ್ರ ಕಾಡುತ್ತವೆ. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈ ಕಷ್ಟ ಮೂವತ್ತು ನಲವತ್ತರಲ್ಲೇ ಬರುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ತಾಂಡಾದ ಹೆಣ್ಣುಮಕ್ಕಳಿಗೂ ಅನವಶ್ಯಕವಾಗಿ ಗರ್ಭಚೀಲ ತೆಗೆದದ್ದು 2015ರಲ್ಲಿ ಬಯಲಾಯಿತು. ಚೀಲ ತೆಗೆದವರುಂಟು, ಆಮೇಲಿನ ಉರಿಗೆ ಮದ್ದು ಕೊಟ್ಟವರೆಷ್ಟು?

ಮದ್ದು ಇದೆ. ಈಸ್ಟ್ರಿಯಾಲ್ ಎಂಬ ಮುಲಾಮು. ಇದಕ್ಕೆ ವೈದ್ಯರ ಚೀಟಿ ಬೇಕು. ಮುಟ್ಟು ನಿಂತ ಮೇಲೂ ರಕ್ತ ಕಂಡವರು, ಸ್ತನ ಕ್ಯಾನ್ಸರ್ ಆದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡೇ ಸಲ ಹಚ್ಚಲು ಹೇಳುತ್ತಾರೆ.

ಟ್ಯೂಬಿನ ಬೆಲೆ ಕೇಳಿಯೇ ಹಲವರು ಅಂಗಡಿಯಿಂದ ಹಿಂದಿರುಗುತ್ತಾರೆ. ನಾವು ಲೆಕ್ಕ ಬಲ್ಲವರು. ಇದರ ಲೆಕ್ಕವನ್ನೂ ಹಾಕೋಣ. ಒಂದು ಸಲಕ್ಕೆ ಅರ್ಧ ಗ್ರಾಂ ಎಂದರೆ 15 ಗ್ರಾಂ ಟ್ಯೂಬು ಮೊದಲ ಸಲ 10 ವಾರ ಬರುತ್ತದೆ. ಮುಂದಿನದು 15 ವಾರ. ಬೆಲೆಯನ್ನು ವಾರಕ್ಕೆ ಹಂಚಿ ನೋಡಿರಿ, ಆಗ ಭಯ ಅರ್ಧ ಇಳಿಯುತ್ತದೆ.

ಇನ್ನೂ ಇಳಿಸಬಹುದು. ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆದುಕೊಡಿ ಎಂದು ವೈದ್ಯರನ್ನು ಕೇಳಿರಿ. ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ವೈದ್ಯರ ನೀತಿ ನಿಯಮಕ್ಕೆ 2016ರಲ್ಲೇ ತಿದ್ದುಪಡಿಯಾಗಿದೆ. ಆ ಹೆಸರು ಹಿಡಿದು ಎರಡು ಮೂರು ಅಂಗಡಿಗಳಲ್ಲಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿರಿ. ಮುದ್ರಿತ ಬೆಲೆಗಿಂತ ಹೆಚ್ಚು ಕೊಡಬೇಡಿರಿ, ರಸೀದಿ ಬಿಡಬೇಡಿರಿ. ಗದಗಿನ ಸರ್ಕಾರಿ ಆಸ್ಪತ್ರೆಗೆ ಹೋಗಲು ರೋಣ, ನರಗುಂದ, ಗಜೇಂದ್ರಗಡದಿಂದ ನಮಗೆ ಸರ್ಕಾರಿ ಬಸ್ಸು 2023ರಿಂದ ಪುಕ್ಕಟೆ ಇದೆ. ಒಬ್ಬೊಬ್ಬರೇ ನಾಚಿಕೊಂಡು ಹೋಗುವ ಬದಲು ನಾಲ್ವರು ಕೂಡಿ ಹೋಗೋಣ.

"ಈ ವಯಸ್ಸಿನ್ಯಾಗ ಅದಕ್ಕ ಯಾಕ ರೊಕ್ಕಾ?" ಎನ್ನುವ ಗಂಡನಿಗೆ ಉತ್ತರವಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹೊಡೆತವಷ್ಟೇ ಹಿಂಸೆಯಲ್ಲ. ಲೈಂಗಿಕ ಬಲವಂತವೂ, ಅಗತ್ಯಕ್ಕೆ ಹಣ ಕೊಡದೆ ಸತಾಯಿಸುವುದೂ ಹಿಂಸೆಯೇ. ಹಿಂಸೆಗೊಳಗಾದವಳು ಔಷಧದ ಖರ್ಚನ್ನೂ ನ್ಯಾಯಾಲಯದಲ್ಲಿ ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ರಕ್ಷಣಾಧಿಕಾರಿ. 181ಕ್ಕೂ ಫೋನು ಮಾಡಬಹುದು.

ಆದರೆ ಒಂದು ಎಚ್ಚರ. ಮುಲಾಮು ನಮ್ಮ ಉರಿ ಆರಿಸಲು, ಗಂಡನ ಬಲವಂತಕ್ಕೆ ಅನುಕೂಲ ಮಾಡಿಕೊಡಲು ಅಲ್ಲ. ನೋವು ಹೋದ ಮೇಲೂ "ಬೇಡ" ಎನ್ನುವ ಹಕ್ಕು ನಮ್ಮದೇ.

ಬೀಜ, ಗೊಬ್ಬರ, ಮದುವೆಗೆ ಸಾಲ ಕೊಡುವ ಸಂಘ ಈ ಟ್ಯೂಬಿಗೂ ಕೊಡಲಿ. ಮುಂದಿನ ಸಭೆಯಲ್ಲಿ ಈ ಮಾತು ಕೊನೆಗಲ್ಲ, ಮೊದಲಿಗೇ ಬರಲಿ.