ಸಾಂಬ್ರಾಣಿಯಲ್ಲಿ ಒಂದು ಕೋಣೆ ಬೇಕು

ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತರಗತಿಯಲ್ಲಿ ಕಾಣಸಿಗದ ಮಕ್ಕಳ ಪರವಾಗಿ ಈ ಮಾತು. ಒಂದು ಕಡೆ ಕೂರಲಾರದ ಹುಡುಗ, ಗದ್ದಲ ಕೇಳಿದರೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುವ ಹುಡುಗಿ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಮಗು, ಹೆದರಿಕೆಯಾದಾಗಲೆಲ್ಲ ಪಕ್ಕದವರನ್ನು ಕಚ್ಚುವ ಮಗು. ಇಂಥವರನ್ನು ಯಾರೂ ಶಾಲೆಯಿಂದ ಹೊರಗೆ ಹಾಕುವುದಿಲ್ಲ. ‘ಇವತ್ತ ಮನೀಗೆ ಕರಕೊಂಡು ಹೋಗ್ರಿ, ನಾಳೆ ನೋಡೋಣ’ ಎನ್ನುತ್ತಾರೆ, ಅಷ್ಟೆ. ನಾಳೆಯೂ ಅದೇ ಮಾತು. ಕೊನೆಗೆ ಅವ್ವ ಕೂಲಿ ಬಿಟ್ಟು ಮನೆಯಲ್ಲಿ ಕೂರುತ್ತಾಳೆ, ಇಲ್ಲವೇ ಮಗುವನ್ನೂ ಕಬ್ಬಿನ ಗದ್ದೆಗೆ ಕರೆದೊಯ್ಯುತ್ತಾಳೆ.

ಕಾನೂನು ಈ ಮಕ್ಕಳ ಬೆನ್ನಿಗಿದೆ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿ, ಆಟಿಸಂ ಮತ್ತು ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ತಂದಿತು. ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯಿರುವ 6ರಿಂದ 18 ವರ್ಷದ ಮಗು ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತನಗೆ ಬೇಕಾದ ಕಡೆ, ಉಚಿತವಾಗಿ ಕಲಿಯಬಹುದು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಆ ಹುದ್ದೆಗಳನ್ನು ಸೃಷ್ಟಿಸಿ ತುಂಬಿರೆಂದು 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೊಮ್ಮೆ ಆದೇಶಿಸಬೇಕಾಯಿತು. ಅಷ್ಟರಲ್ಲಿ ಒಂದನೆಯ ತರಗತಿಯ ಮಗು ನಾಲ್ಕನ್ನು ಮುಗಿಸುವಷ್ಟು ಕಾಲ ಕಳೆದಿತ್ತು.

ಕಾನೂನಿನಲ್ಲೂ ಒಂದು ಸಂದು ಉಳಿದಿದೆ. ಗಮನ ನಿಲ್ಲದೆ ಸದಾ ಚಡಪಡಿಸುವ ಎಡಿಎಚ್‌ಡಿ ಆ 21ರ ಪಟ್ಟಿಯಲ್ಲಿ ಹೆಸರಿಲ್ಲದೆ ಉಳಿದಿದೆ. ಮನೆಯ ಹೊಡೆತ, ಕುಡಿತ, ಸಾವು ಕಂಡು ಒಳಗೇ ಮುದುಡಿದ ಮಗುವಿನ ಸಂಕಟವನ್ನು ಶೇಕಡಾವಾರು ಲೆಕ್ಕದಲ್ಲಿ ಹಿಡಿಯುವುದು ಕಷ್ಟ. ಅಂಗವೈಕಲ್ಯದ ಪ್ರಮಾಣಪತ್ರ ಸಿಗದ ಇಂಥ ಮಗುವಿಗೆ ಊರು ‘ಹಟಮಾರಿ’, ‘ಉಡಾಳ’ ಎಂಬ ಬಿರುದು ಕೊಡುತ್ತದೆ. ಆಮೇಲೆ ಬೆತ್ತ ಬರುತ್ತದೆ. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ನಿಷೇಧಿಸಿದೆ.

ಸಾಂಬ್ರಾಣಿಯಿರುವ ನಮ್ಮ ಹಳಿಯಾಳ ಸೀಮೆಗೆ ಇನ್ನೊಂದು ತೊಡಕಿದೆ, ಅದನ್ನು ಬೆಂಗಳೂರಿನಲ್ಲಿ ಕೂತು ಯೋಜನೆ ಮಾಡುವವರು ಅರಿಯಬೇಕು. ಸಿದ್ದಿಗಳ ಮನೆಯಲ್ಲಿ ಕೊಂಕಣಿ, ಗೌಳಿಗಳ ದಡ್ಡಿಯಲ್ಲಿ ಮರಾಠಿ, ಜೋಯಿಡಾದ ಕುಣಬಿಗಳಲ್ಲಿ ಕೊಂಕಣಿ, ಮುಸ್ಲಿಂ ಮನೆಗಳಲ್ಲಿ ಉರ್ದು. ಅಂಥ ಮನೆಯಿಂದ ಬಂದ ಆರು ವರ್ಷದ ಮಗು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಸುಮ್ಮನಿದ್ದರೆ ಅದು ನ್ಯೂನತೆಯೋ, ಮಾತು ತಿಳಿಯದ್ದೋ? ತಪ್ಪಾಗಿ ತೂಗಿದರೆ ಎರಡು ಬಗೆಯ ಅನ್ಯಾಯ: ಚುರುಕಾದ ಮಗು ‘ದಡ್ಡ’ ಅನ್ನಿಸಿಕೊಳ್ಳುತ್ತದೆ, ನೆರವು ಬೇಕಾದ ಮಗು ‘ಭಾಷೆ ಬಂದರೆ ಸರಿಹೋದೀತು’ ಎಂದು ವರ್ಷಗಟ್ಟಲೆ ಕಾಯುತ್ತದೆ. ಮಗುವಿನ ಮನೆಮಾತು ಬಲ್ಲವರು ಜೊತೆಗಿಲ್ಲದೆ ಇಲ್ಲಿ ಯಾವ ತಪಾಸಣೆಯೂ ನಡೆಯಕೂಡದು.

ಈಗಿನ ದಾರಿ ಯಾವುದು? ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬಸ್ಸು ಹತ್ತಬೇಕು. ಜಿಲ್ಲಾ ಆಸ್ಪತ್ರೆಗಾದರೆ ಘಟ್ಟ ಇಳಿದು ಕಾರವಾರಕ್ಕೆ. ಶಿರಸಿಯಲ್ಲಿ ಅಜಿತ ಮನೋಚೇತನಾ ಟ್ರಸ್ಟಿನವರು ವಿಕಾಸ ವಿಶೇಷ ಶಾಲೆಯನ್ನು ನಡೆಸುತ್ತಿದ್ದಾರೆ, ಅದು ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಸಾಂಬ್ರಾಣಿಯ ಕೂಲಿಕಾರರು ದಿನಾ ಮಗುವನ್ನು ಶಿರಸಿಗೆ ಬಿಟ್ಟು ಬರಲಾರರು. ಬಸ್ಸಿನ ಗದ್ದಲಕ್ಕೇ ಬೆಚ್ಚುವ ಮಗುವಿಗಂತೂ ಆ ಪಯಣವೇ ಶಿಕ್ಷೆ. ಸಮಗ್ರ ಶಿಕ್ಷಣ ಯೋಜನೆಯ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿಗಳು) ಮನೆಮನೆಗೆ ಹೋಗುತ್ತಾರೆ ನಿಜ. ಬೆರಳೆಣಿಕೆಯ ಮಂದಿ ಕಾಡಿನೊಳಗಿನ ತಾಲ್ಲೂಕನ್ನೆಲ್ಲ ಎಷ್ಟೆಂದು ಸುತ್ತಿಯಾರು?

ಆದ್ದರಿಂದ ಕೇಳುತ್ತಿದ್ದೇನೆ: ಸಾಂಬ್ರಾಣಿಯ ಸರ್ಕಾರಿ ಶಾಲೆಯಲ್ಲೇ ಒಂದು ಕೋಣೆ, ಒಬ್ಬ ವಿಶೇಷ ಶಿಕ್ಷಕಿ, ಒಬ್ಬ ಆಯಾ. ಕೋಣೆಯಲ್ಲಿ ದಿನದ ಕೆಲಸವನ್ನು ಚಿತ್ರಗಳಲ್ಲಿ ತೋರಿಸುವ ಹಲಗೆ ಇರಲಿ; ಮುಂದೇನು ಎಂದು ಗೊತ್ತಾದರೆ ಎಷ್ಟೋ ಮಕ್ಕಳ ರಂಪ ಅಲ್ಲಿಗೇ ತಗ್ಗುತ್ತದೆ. ಮನಸ್ಸು ಕೆಟ್ಟಾಗ ಹೋಗಿ ಕೂರಲು ಶಾಂತವಾದೊಂದು ಮೂಲೆ ಇರಲಿ. ಮಗು ಯಾವಾಗ ಹೊಡೆಯಿತು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ದೊಡ್ಡವರು ಏನು ಮಾಡಿದರು ಎಂದು ಬರೆದಿಡುತ್ತ ಹೋದರೆ, ಕಾರಣ ತಿಳಿದು ದಾರಿಯೂ ಕಾಣುತ್ತದೆ. ಪ್ರಾರ್ಥನೆ, ಬಿಸಿಯೂಟ, ಆಟ ಎಲ್ಲರ ಜೊತೆಗೇ ಆಗಲಿ. ಈ ಮಕ್ಕಳನ್ನು ಬೇರೆಯಾಗಿ ಕೂಡಿಹಾಕುವ ದೊಡ್ಡಿ ನಮಗೆ ಬೇಡ.

ನಲಿ-ಕಲಿಯಲ್ಲಿ ಮೂರು ತರಗತಿಗಳನ್ನು ಒಬ್ಬರೇ ಹೊತ್ತ ಶಿಕ್ಷಕಿಯನ್ನು ನಾನು ದೂರುವುದಿಲ್ಲ, ಆಕೆಗೂ ಜೊತೆ ಬೇಕು. ಹೆತ್ತವರೇ, ಉಳವಿ ಚನ್ನಬಸವಣ್ಣನಿಗೆ ಹರಕೆ ಹೊತ್ತುಕೊಳ್ಳಿ, ಅದರ ಜೊತೆಗೇ ಧಾರವಾಡದ ವೈದ್ಯರಿಗೂ ತೋರಿಸಿ. ನಿಮ್ಮ ಪಾಪದಿಂದ ಮಗು ಹೀಗಾಗಲಿಲ್ಲ. ರಾತ್ರಿ ದಿಕ್ಕು ತೋಚದಿದ್ದರೆ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿಲ್ಲ ಎಂಬ ಮಾತು ಒಪ್ಪುವಂಥದ್ದಲ್ಲ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದ ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯಿದೆ, ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಯಿದೆ. ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ವ್ಯಯಿಸಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ.

ಮುಂದಿನ ಗ್ರಾಮಸಭೆಗೆ ಬನ್ನಿ. ಎಸ್‌ಡಿಎಂಸಿ ಸದಸ್ಯರೇ, ಶಾಲೆಗೆ ಬಾರದ ಮಕ್ಕಳ ಪಟ್ಟಿ ತನ್ನಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ಕರೆಯಿರಿ. ಎದ್ದು ನಿಂತು, ಶೇ. 5ರ ಹಣ ಎಲ್ಲಿ ಖರ್ಚಾಯಿತೆಂದು ಕೇಳಿ, ಒಂದು ಕೋಣೆಯ ಠರಾವು ಬರೆಸಿ, ಅದಕ್ಕೆ ಸಹಿ ಬೀಳುವವರೆಗೂ ಸಭೆ ಬಿಟ್ಟು ಏಳಬೇಡಿ.